ಮೇಡಂ ಮನೆಯ ಸೋಫಾ

ಮಗಳ ಕೈ ಹಿಡಿದು ಬಂದ ನರ್ಸಮ್ಮನಿಗೆ ಕಂಡದ್ದು ಶಿಶುವಿಹಾರದ ಗೇಟಿಗೆ ಜೋತುಬಿದ್ದಿದ್ದ ಬೀಗ. ಇನ್ನೊಂದು ದಿನ ಡ್ಯೂಟಿ ತಪ್ಪಿಸಿದರೂ ಕೆಲಸ ಹೋಗುತ್ತದೆಂದು ಆಸ್ಪತ್ರೆಯವರು ಎಚ್ಚರಿಸಿದ್ದರು.

ಮಹಡಿಯ ಮೇಲೇ ಮನೆ ಮಾಡಿಕೊಂಡಿದ್ದ ಶಾಲೆಯ ಒಡತಿ ಬಾಲ್ಕನಿಯಿಂದ ಇಣುಕಿದಳು. "ಸ್ಕೂಲ್ ಮುಚ್ಚಿಬಿಟ್ವಿ ಕಣಮ್ಮ. ರಾತ್ರಿನೇ ಮೆಸೇಜ್ ಹಾಕಿದ್ನಲ್ಲ?"

"ರಾತ್ರಿ ಹೇಳಿ ಬೆಳಗ್ಗೆ ಬೀಗ ಹಾಕಿದ್ರೆ ಮಗೂನ ಜೇಬಲ್ಲಿ ಇಟ್ಕೊಂಡು ಹೋಗ್ಲಾ ಮೇಡಂ? ತಿಂಗಳು ಮುಂಚೆ ಹೇಳೋಕೆ ಬಾಯಿಗೇನಾಗಿತ್ತು?"

"ನನ್ನ ಕಷ್ಟ ನನಗೆ."

ನರ್ಸಮ್ಮ ಗೇಟಿನ ಹೊರಗಿದ್ದ ಮೆಟ್ಟಿಲನ್ನು ದಡದಡ ಹತ್ತಿ, ಮಗಳನ್ನು ಒಡತಿಯ ಸೋಫಾದ ಮೇಲೆ ಕೂರಿಸಿ, ಊಟದ ಡಬ್ಬಿಯನ್ನೂ ಬದಲಿ ಚಡ್ಡಿಯನ್ನೂ ಪಕ್ಕದಲ್ಲಿಟ್ಟಳು. "ಬೇರೆ ಕಡೆ ಸೀಟು ಸಿಗೋವರೆಗೂ ಸ್ಕೂಲು ಇಲ್ಲೇ. ಸಂಜೆ ಬರ್ತೀನಿ."

"ಏನಮ್ಮಾ ಇದು, ಹೇಳದೆ ಕೇಳದೆ!"

"ಈಗ ಹೇಳಿದ್ನಲ್ಲ ಮೇಡಂ."

ಅವಳು ಇಳಿಯುವಾಗ ಇನ್ನೂ ನಾಲ್ಕು ತಾಯಂದಿರು ಮಕ್ಕಳ ಸಮೇತ ಹತ್ತಿ ಬರುತ್ತಿದ್ದರು.