ಪೀ ಇರುವಲ್ಲಿ ಕ್ಯೂ

ಇಂಪ್ರೆಶನ್ ಅಂದರೇನು ಎಂದು ಕೇಳಬೇಕಾದರೆ ಹಜರತಅಲಿಯನ್ನೇ ಕೇಳಬೇಕು. ಹುಬ್ಬಳ್ಳಿಯ ಓಣಿಯೊಂದರಲ್ಲಿ ನಲವತ್ತು ವರ್ಷ ಅಚ್ಚಿನ ಮಶೀನು ತುಳಿದ ಮನುಷ್ಯ. ಅವನ ಪ್ರಕಾರ ಅದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. "ಇಂಪ್ರೆಶನ್ ಅಂದ್ರ ಒತ್ತೂದು. ಕಡಿಮಿ ಒತ್ತಿದ್ರ ಅಕ್ಷರ ಮೂಡೂದಿಲ್ಲ, ಜಾಸ್ತಿ ಒತ್ತಿದ್ರ ಹಾಳಿ ಹರೀತೈತಿ. ಇಷ್ಟ!"

ಮಗಳು ಅಲ್ಫಿಯಾ ಇದನ್ನು ಹುಟ್ಟಿದಾಗಿನಿಂದ ಕೇಳಿದವಳು, ಆದರೆ ತಲೆಗೆ ಹೋಗಿದ್ದರಲ್ಲವೆ? ಇಂಗ್ಲಿಷಿನಲ್ಲಿ ಎಂ.ಎ., ಮೇಲೆ ಬಿ.ಎಡ್. ಮೊದಲ ಸಂದರ್ಶನದಲ್ಲಿ ಬಾಯಿ ಬಿಡಲಿಲ್ಲ, ಎರಡನೆಯದರಲ್ಲಿ ಬಾಯಿ ಮುಚ್ಚಲಿಲ್ಲ. ಈಗ ನವನಗರದ ಸಾಲೆಯೊಂದರಿಂದ ಮೂರನೆಯ ಕರೆ ಬಂದಿತ್ತು. ಇದೂ ಕೈತಪ್ಪಿದರೆ ಚಿಕ್ಕಮ್ಮ ಚಾಂದಬಿ ಖಾಲಾಳ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತ ಕೂಡುವುದೆಂದು ಮನೆಯಲ್ಲಿ ಠರಾವಾಗಿತ್ತು. ಅಲ್ಫಿಯಾಗೆ ಸೂಜಿ ಕಂಡರೇ ಅಳು ಬರುತ್ತಿತ್ತು.

ಸಾಲೆಯವರು ಕೊಟ್ಟ ವಿಷಯವೂ ಇಂಪ್ರೆಶನ್ನಿನದೇ. ನಾಲ್ಕು ಜನರ ಮುಂದೆ ಛಾಪು ಒತ್ತುವುದರ ಬಗ್ಗೆ ಇಂಗ್ಲಿಷಿನಲ್ಲಿ ಇರುವ ನುಡಿಗಟ್ಟುಗಳು, ಅವು ಹುಟ್ಟಿದ ಕಥೆ. ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು.

ಹೊರಡುವ ಹೊತ್ತಿಗೆ ಅಪ್ಪ ದಾರ ಸುತ್ತಿದ ಒಂದು ಪುಡಿಕೆಯನ್ನು ಕೈಯಲ್ಲಿಟ್ಟ.

"ವಿಜಿಟಿಂಗ್ ಕಾರ್ಡ, ಬೇಟಾ. ನೂರು ಅದಾವ. ಒಳಗ ಹೋದಕೂಡ್ಲೆ ಕೊಡು. ಹೆಂಗ ಛಾಪ ಬೀಳ್ತೈತಿ ನೋಡು!"

"ಅಬ್ಬಾ, ಇಂಗ್ಲಿಷ್ ಅಚ್ಚಿನ ಮೊಳಿ ಹೊರಗ ತಗದು ಹತ್ತ ವರ್ಷ ಆತಲ್ಲ?"

"ನಿನ್ನ ಸಲುವಾಗಿ ತಗದೆ. ನಡಿ ಲಗೂ, ಬಸ್ ಹೋಗ್ತೈತಿ."

ಎಡವಟ್ಟಾಗಿದ್ದು ಇಲ್ಲೇ. ಹಜರತಅಲಿಗೆ ಇಂಗ್ಲಿಷ್ ಬಾರದು. ಆಕಾರ ನೋಡಿ ಮೊಳೆ ಜೋಡಿಸುತ್ತಿದ್ದ, ಪ್ರೂಫನ್ನು ಅಲ್ಫಿಯಾ ಸಣ್ಣವಳಿದ್ದಾಗಿನಿಂದ ಓದಿ ತಿದ್ದುತ್ತಿದ್ದಳು. ಆದರೆ ಮಗಳಿಗೆ ಆಶ್ಚರ್ಯವಾಗಲಿ ಎಂದು ಮಾಡಿದ ಕಾರ್ಡಿನ ಪ್ರೂಫನ್ನು ಮಗಳಿಗೇ ತೋರಿಸುವುದು ಹೇಗೆ? ಅಲ್ಫಿಯಾ ಕೂಡ ಬಸ್ಸಿನಲ್ಲಿ ಪಾಠ ಬಾಯಿಪಾಠ ಮಾಡುವ ಗಡಿಬಿಡಿಯಲ್ಲಿ ಪುಡಿಕೆ ಬಿಚ್ಚಲೇ ಇಲ್ಲ.

ಮೇಜಿನ ಆಚೆ ಇಬ್ಬರು ಕುಳಿತಿದ್ದರು. ಪ್ರಿನ್ಸಿಪಾಲ ಉಮಾಶ್ರೀ ಮೇಡಂ ಮತ್ತು ಸಂಸ್ಥೆಯ ಅಧ್ಯಕ್ಷ ಮಡಿವಾಳಪ್ಪ. ಮಡಿವಾಳಪ್ಪ ಅಮರಗೋಳದ ಹತ್ತಿ ವ್ಯಾಪಾರಿ, ಹಣೆ ತುಂಬ ವಿಭೂತಿ. ಅಲ್ಫಿಯಾ ಇಬ್ಬರಿಗೂ ಒಂದೊಂದು ಕಾರ್ಡು ಕೊಟ್ಟು ಪಾಠ ಶುರುಮಾಡಿದಳು.

"ನನಗ ತಿಳಿಯೂಹಂಗ ಕನ್ನಡದಾಗೂ ಹೇಳ್ರಿ," ಎಂದರು ಮಡಿವಾಳಪ್ಪ.

"ಆತ್ರಿ. 'ಬೆಸ್ಟ್ ಫುಟ್ ಫಾರ್ವರ್ಡ್' ಅಂತಾರ್ರಿ. ಎಲ್ಲಾದ್ರಕಿಂತ ಛಲೋ ಕಾಲು ಮುಂದ ಇಡು ಅಂತ."

"ಇರೂವು ಎರಡ ಕಾಲು. ಎಲ್ಲಾದ್ರಕಿಂತ ಅಂದ್ರ ಹೆಂಗ್ರಿ? ಅದೇನು ಎತ್ತಿಗೆ ಹೇಳಿದ್ದೇನು? ಮತ್ತ ಎಡಗಾಲೋ, ಬಲಗಾಲೋ?"

ಅಲ್ಫಿಯಾ ನಕ್ಕುಬಿಟ್ಟಳು. "ಇನ್ನೊಂದೈತ್ರಿ. 'ನಿನ್ನ ಪೀ ಕ್ಯೂ ನೋಡ್ಕೋ.' ಮಂದಿ ಮುಂದ ತಪ್ಪಿಲ್ಲದಂಗ ನಡಕೋ ಅಂತ ಅರ್ಥ. ಇದು ಹೆಂಗ ಹುಟ್ಟಿತು ಅಂತ ಖಾತ್ರಿಯಾಗಿ ಯಾರಿಗೂ ಗೊತ್ತಿಲ್ರಿ. ಅಚ್ಚಿನ ಮೊಳಿ ಜೋಡಸೋರಿಗೆ ಪೀ, ಕ್ಯೂ ಅದಲು ಬದಲು ಆಕ್ಕಿದ್ವು, ಅದರಿಂದ ಬಂತು ಅಂತ ಕೆಲವರು ಹೇಳ್ತಾರ."

ಅಷ್ಟರಲ್ಲಿ ಉಮಾಶ್ರೀ ಮೇಡಂ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. "ಅಲ್ಫಿಯಾ, ಈ 'ಸ್ಕೋಕನ್ ಇಂಗ್ಲಿಷ್' ಅಂದ್ರ ಯಾವ ದೇಶದ ಇಂಗ್ಲಿಷ್?"

ಅಲ್ಫಿಯಾ ಬಗ್ಗಿ ನೋಡಿದಳು. ತನ್ನ ಹೆಸರಿನ ಕೆಳಗೆ ಸ್ಪೋಕನ್ ಎಂಬಲ್ಲಿ ಪೀ ಜಾಗದಲ್ಲಿ ಕ್ಯೂ ಗಟ್ಟಿಯಾಗಿ ಕುಳಿತಿತ್ತು. ಅಯ್ಯೋ ಅಲ್ಲಾ! ಕಣ್ಣ ಮುಂದೆ ಖಾಲಾಳ ಸೂಜಿಪೆಟ್ಟಿಗೆ ಬಂತು, ನಾಲಿಗೆ ತಾನೇ ಹೊರಳಿತು.

"ಯಾರೋ ಬಜಾರದ ಪ್ರೆಸ್ಸಿನಾಂವ ಮಾಡ್ಯಾನ್ರಿ. ಓದು ಬರಹ ಇಲ್ಲದ ಮಂದಿ."

"ಹೌದ್ರಿ, ಖರೇರಿ," ಎಂಬ ದನಿ ಬಾಗಿಲಿನಿಂದ ಬಂತು.

ಹಜರತಅಲಿ ಹೆಲ್ಮೆಟ್ಟು ತೆಗೆಯದೆ ಏದುಸಿರು ಬಿಡುತ್ತ ನಿಂತಿದ್ದ. ಕೈಯಲ್ಲಿ ಇನ್ನೊಂದು ಪುಡಿಕೆ. "ಆ ಪ್ರೆಸ್ಸಿನಾಂವ ನಾನರಿ. ಆಮ್ಯಾಲೆ ಚಾಳೀಸು ಹಾಕ್ಕೊಂಡು ಎದುರು ಗೋಡಿಮ್ಯಾಲಿನ ಹಳೇ 'ಸ್ಪೋಕನ್ ಇಂಗ್ಲಿಷ್' ಬೋರ್ಡಿಗೆ ಹೋಲಿಸಿ ನೋಡಿದೆ, ತಪ್ಪು ಕಂಡ್ತು. ತಿದ್ದಿದ್ದು ತಂದೇನಿ. ಈ ಮೇಡಮ್ಮಾರದು ಏನೂ ತಪ್ಪಿಲ್ರಿ. ಗಿರಾಕಿ ಅವರು." ಕಿಸೆಯಿಂದ ಒಂದು ಸೀಸದ ಮೊಳೆ ತೆಗೆದು ಮೇಜಿನ ಮೇಲಿಟ್ಟ. "ಇದ ನೋಡ್ರಿ ಕಳ್ಳ. ಹಿಡಕೊಂಡು ಬಂದೇನಿ."

ಮಡಿವಾಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಫಿಯಾಗೆ ನಗು ಬರಲಿಲ್ಲ. ಹೆತ್ತ ಅಪ್ಪ ತನ್ನನ್ನು ಮೇಡಮ್ಮಾರ ಅಂದಿದ್ದ, ಮಗಳ ಸುಳ್ಳಿಗೆ ಹೆಲ್ಮೆಟ್ಟು ಹಾಕಿಕೊಂಡೇ ಹೆಗಲು ಕೊಟ್ಟಿದ್ದ. ಹೋಗಲಿ ನೌಕರಿ, ಫಾಲ್ ಹಚ್ಚಿದರಾಯಿತು ಎಂದುಕೊಂಡಳು.

"ಸುಳ್ಳು ಹೇಳಿದೆ, ಸರ್. ಇವರು ನಮ್ಮಪ್ಪ. ನನ್ನ ಸಲುವಾಗಿ ರಾತ್ರಿಯೆಲ್ಲ ಕುಂತು ಮಾಡ್ಯಾರ. ಪಾಠ ಮುಗದಿಲ್ರಿ, ಎರಡ ನಿಮಿಷ ಕೊಡ್ರಿ."

ಮೊಳೆ ಎತ್ತಿ ಮಡಿವಾಳಪ್ಪನವರ ಕಣ್ಣೆದುರು ಹಿಡಿದಳು. "ಇದೇನ್ರಿ?"

"ಪೀ. ಅಷ್ಟು ಬರ್ತೈತಿ ನನಗ."

ಅಪ್ಪನ ಹೆಬ್ಬೆರಳಿಗೆ ಮಸಿ ಇನ್ನೂ ಹಸಿಯಾಗಿತ್ತು. ಮೊಳೆಯನ್ನು ಆ ಬೆರಳಿಗೆ ತಾಗಿಸಿ ಮಡಿವಾಳಪ್ಪನವರ ಅಂಗೈಮೇಲೆ ಒತ್ತಿದಳು, ಹಗುರವಾಗಿಯೂ ಅಲ್ಲ, ಜೋರಾಗಿಯೂ ಅಲ್ಲ.

"ಅಲಲಾ! ಮೊಳ್ಯಾಗ ಪೀ, ಕೈಯಾಗ ಕ್ಯೂ!" ಅಧ್ಯಕ್ಷರು ಅಂಗೈಯನ್ನು ಉಮಾಶ್ರೀ ಮೇಡಂಗೆ ತೋರಿಸಿದರು, ಬಾಗಿಲಲ್ಲಿದ್ದ ಸಿಪಾಯಿಗೂ ತೋರಿಸಿದರು. "ಮೇಡಂ, ಹತ್ತಿ ಚೀಲದಾಗ ಮ್ಯಾಲೊಂದು, ಒಳಗೊಂದು ನೋಡಿ ಕೂದಲಾ ಬೆಳ್ಳಗಾಗ್ಯಾವ ನನಗ. ಈ ಹುಡುಗಿ ಒಳಗಿದ್ದದ್ದು ತಗದು ತೋರಿಸಿದ್ಲು."

ಉಮಾಶ್ರೀ ಮೇಡಂ ತಲೆಯಾಡಿಸಿದರು. "ಸೋಮವಾರದಿಂದ ಬರ್ರಿ."

"ಎಡಗಾಲು ಬಲಗಾಲು ಎರಡೂ ತೊಗೊಂಡ ಬರ್ರಿ," ಎಂದರು ಮಡಿವಾಳಪ್ಪ.

ಗೇಟಿನ ಹೊರಗೆ ಹಜರತಅಲಿ ಸ್ಕೂಟರಿಗೆ ಒದೆಯುತ್ತಿದ್ದ. ಅಲ್ಫಿಯಾ ಹಿಂದೆ ಕೂಡಲಿಲ್ಲ.

"ಅಬ್ಬಾ, ನಾ ಅಂದದ್ದು ಕೇಳಿದ್ರಿ ಹೌದಿಲ್ಲ? ಓದು ಬರಹ ಇಲ್ಲದ ಮಂದಿ ಅಂತ."

"ಕೇಳಿದೆ."

"ಸಿಟ್ಟು ಬರಲಿಲ್ಲೇನು?"

ಅವನು ಒದೆಯುವುದನ್ನು ನಿಲ್ಲಿಸಿ ಮಸಿಯ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಪ್ರೂಫಿನ್ಯಾಗ ತಪ್ಪು ಇರ್ತಾವ, ಬೇಟಾ. ಅಚ್ಚಿಗೆ ಹೋಗೂದ್ರಾಗ ತಿದ್ದಿದಿ. ಆತಲ್ಲ."

ಅಲ್ಫಿಯಾ ಅಳುತ್ತಲೇ ಹತ್ತಿ ಕೂತಳು. ಉಣಕಲ್ ದಾಟಿದ ಮೇಲೆ ಅಪ್ಪ ಕೇಳಿದ, "ಆ ಸ್ಕೋಕನ್ ಕಾರ್ಡ ತೊಂಬತ್ತೆಂಟು ಉಳದಾವಲ್ಲ, ಎಲ್ಲಿ ಅವು?"

"ಸಾಲಿ ಹುಡುಗರಿಗೆ ತೋರಸಾಕ ಒಂದು ಮೇಡಂ ಮತ್ತ ಕೇಳಿ ಇಸ್ಕೊಂಡ್ರು. ಉಳದದ್ದು ಕೊಡೂದಿಲ್ಲ. ನನ್ನ ಹಂತೇಕ ಇರ್ತಾವ."