ಶಾರದ ಬರೆಯದ ಸಾಲು

ಎರ್ನಾಕುಳದ ಪ್ರದರ್ಶನ ಮಂದಿರದಲ್ಲಿ ಜಯಕರರ ಕಣ್ಣಿಗೆ ಮೊದಲು ಬಿದ್ದದ್ದು ಹೆಂಡತಿಯ ಹೆಸರು. ಶ್ರೀಕಾರ್ಯವೆಂಬ ಊರಿನ ಮನೆಯಿಂದ ನಸುಕಿಗೇ ಹೊರಟು ರೈಲು ಹತ್ತಿ ಬಂದದ್ದು ಆ ಹೆಸರನ್ನು ನೋಡಲೆಂದೇ. ಶಾರದ ತೀರಿಹೋಗಿ ಮೂರು ತಿಂಗಳಾಗಿತ್ತು. ಕನ್ನಡಕ ಒರೆಸಿಕೊಂಡು ಫಲಕವನ್ನು ಓದತೊಡಗಿದರು. ಓದುತ್ತ ಅವರ ಮೈ ಉರಿಯಿತು.

“ಕ್ರಿ.ಶ. 883ರಲ್ಲಿ ಶೆರ್ಬೋರ್ನಿನ ಬಿಷಪ್ ಸಿಗೆಲ್ಮ್ ಕೊಚ್ಚಿ ಬಂದರಿನಲ್ಲಿ ಇಳಿದರು.”

ಶೆರ್ಬೋರ್ನ್ ಇಂಗ್ಲೆಂಡಿನ ಹಳೆಯ ಊರು. ಆಲ್ಫ್ರೆಡ್ ಎಂಬ ರಾಜನ ಇಬ್ಬರು ಅಣ್ಣಂದಿರನ್ನು ಮಣ್ಣು ಮಾಡಿದ ಊರು. ಶತ್ರುಗಳ ಎದುರು ದಂಡು ಬಿಟ್ಟಿದ್ದಾಗ ಆ ರಾಜ ಒಂದು ಹರಕೆ ಹೊತ್ತನೆಂದೂ, ಕಾಣಿಕೆಯನ್ನು ಇಂಡಿಯಾಕ್ಕೆ ಕಳಿಸಿದನೆಂದೂ ಅಲ್ಲಿನ ಹಳೆಯ ವೃತ್ತಾಂತದಲ್ಲಿ ಒಂದು ಸಾಲು ಉಂಟು. ಅದೂ ಎಲ್ಲ ಪ್ರತಿಗಳಲ್ಲಿ ಇಲ್ಲ. ಒಯ್ದವನು ಶೆರ್ಬೋರ್ನಿನ ಬಿಷಪ್ ಎಂದು ಬರೆದವನು ಎರಡು ಶತಮಾನಗಳ ಬಳಿಕದ ಒಬ್ಬ ಸನ್ಯಾಸಿ. ಕಾಲೇಜಿನಲ್ಲಿ ಚರಿತ್ರೆ ಕಲಿಸಿದ ಶಾರದ ನಾಲ್ಕು ವರ್ಷ ಇದರ ಬೆನ್ನು ಹತ್ತಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಈ ಪ್ರದರ್ಶನಕ್ಕೆಂದು ಬರೆದ ಬರಹವನ್ನು ಗಂಡನಿಂದ ಓದಿಸಿ ಕೇಳಿ, ಕೊನೆಯ ಸಾಲನ್ನು ತಾವೇ ಸೇರಿಸಿದ್ದರು: “ಅವರು ತಲುಪಿದರೋ ಇಲ್ಲವೋ, ನಮಗೆ ತಿಳಿಯದು.”

ಫಲಕದಲ್ಲಿ ಆ ಸಾಲೇ ಇರಲಿಲ್ಲ.

ಪ್ರದರ್ಶನದ ಮೇಲ್ವಿಚಾರಕ ಅಜಿತ್ ಕೈಮುಗಿದು ಬಂದ. ಮೈಸೂರಿನ ಬ್ಯಾಂಕ್ ನೌಕರರ ಮಗ, ಬೆಳೆದದ್ದು ಕೊಚ್ಚಿಯಲ್ಲಿ.

“ಅಂಕಲ್, ಚಾಯ ಕುಡೀತೀರಾ?”

“ಚಾಯ ಮತ್ತೆ ಕುಡಿಯುವ. ಇದನ್ನು ಬರೆದದ್ದು ಯಾರು?”

“ಆಂಟೀನೇ. ನಾವು ಸ್ವಲ್ಪ ಎಡಿಟ್ ಮಾಡಿದ್ವಿ, ಅಷ್ಟೇ.”

“ಅವಳು ಕೊಚ್ಚಿ ಅಂತ ಬರೆದದ್ದೆಲ್ಲಿ? ಆಗ ಈ ಬಂದರೇ ಇರಲಿಲ್ಲ ಮಾರಾಯ! ನಾನೂರು ಚಿಲ್ಲರೆ ವರ್ಷ ಕಳೆದು ನೆರೆ ಬಂದು ಈ ಅಳಿವೆ ಬಾಯಿ ಬಿಟ್ಟದ್ದು ಅಂತ ಶಾಲೆ ಮಕ್ಕಳಿಗೂ ಗೊತ್ತುಂಟು.”

“ಸಾರಮಿಲ್ಲ, ಪರವಾಗಿಲ್ಲ ಬಿಡಿ ಅಂಕಲ್. ನಾಳೆ ಶೆರ್ಬೋರ್ನಿಂದ ಗೆಸ್ಟ್ ಬರ್ತಾರೆ. ‘ಗೊತ್ತಿಲ್ಲ’ ಅಂತ ಬೋರ್ಡ್ ಹಾಕಿದ್ರೆ ಯಾರು ನೋಡ್ತಾರೆ?”

ಜಯಕರರು ಕಾಸರಗೋಡಿನ ಕೋರ್ಟಿನಲ್ಲಿ ಮೂವತ್ತು ವರ್ಷ ಅನುವಾದಕರಾಗಿದ್ದವರು. ಸಾಕ್ಷಿಯ ಹೇಳಿಕೆಯನ್ನು ಬರೆದುಕೊಂಡು, ಅವನಿಗೇ ಓದಿ ಹೇಳಿ, ಸರಿ ಎಂದ ಮೇಲೆ ಸಹಿ ಹಾಕಿಸುವುದು ಅವರ ಕೆಲಸ. ಕಳ್ಳನಿಗೂ ಆ ಮರ್ಯಾದೆ ಸಿಗುತ್ತಿತ್ತು. ಹೆಂಡತಿ ಸತ್ತು ವರ್ಷ ಕಳೆಯುವ ತನಕ ದೇವಸ್ಥಾನದ ಹೊಸ್ತಿಲು ದಾಟಬಾರದೆಂದು ರಸ್ತೆಯಿಂದಲೇ ಕೈಮುಗಿಯುವ ಮನುಷ್ಯ, ಈ ಅನ್ಯಾಯವನ್ನು ಯಾರ ಎದುರು ಹೇಳಿಕೊಳ್ಳಬೇಕು?

“ಸತ್ತವಳಿಂದ ಸುಳ್ಳು ಹೇಳಿಸ್ತೀಯಲ್ಲ, ನಾಚಿಕೆ ಆಗುದಿಲ್ವಾ ನಿನಗೆ? ಅವಳ ಸಾಲು ಹಾಕು.”

“ಇವತ್ತು ಆಗಲ್ಲ, ಪ್ರಿಂಟ್ ಆಗೋಯ್ತು. ಬೇಕಿದ್ರೆ ಹೆಸರು ತೆಗೀಬಹುದು, ಅದು ಸ್ಟಿಕ್ಕರ್.” ಅಜಿತ್ ನಕ್ಕ. “ಆದ್ರೆ ಯೋಚನೆ ಮಾಡಿ. ಆಂಟಿ ಹೆಸರು ಇನ್ನೆಲ್ಲೂ ಬರಲ್ಲ.”

ಆ ಮಾತು ನಾಟಿತು. ನಿಜವೇ. ಪುಸ್ತಕವಾಗಲಿಲ್ಲ, ಮಕ್ಕಳಿಲ್ಲ. ಬೆಳಗ್ಗೆಯಿಂದ ಆ ಹೆಸರನ್ನು ಮನಸ್ಸಿನಲ್ಲೇ ನೋಡುತ್ತ ಬಂದಿದ್ದರು. ಜಯಕರರು ಸ್ವಲ್ಪ ಹೊತ್ತು ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ಉಗುರು ಹಾಕಿದರು.

ಅಂಟು ಬಿಡಲಿಲ್ಲ. ಫಲಕ ಅಂಟಿಸಿದ್ದ ಫಾತಿಮಾ ಪಕ್ಕದಲ್ಲೇ ನಿಂತಿದ್ದಳು; ಶಾರದರ ಹಳೆಯ ಶಿಷ್ಯೆ.

“ಬಿಡಿ ಸಾರ್, ಹರಿಯುತ್ತದೆ,” ಎಂದು ಮಲಯಾಳದಲ್ಲಿ ಹೇಳಿ, ತೆಳ್ಳನೆಯ ಬ್ಲೇಡು ತೂರಿಸಿ ಇಡೀ ಹೆಸರನ್ನು ಎಬ್ಬಿಸಿದಳು. “ಟೀಚರ್ ಇದ್ದಿದ್ದರೆ, ಈ ಸುಳ್ಳು ಅಂಟಿಸಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.”

ಜಯಕರರು ಚೀಲದಿಂದ ಶಾರದರ ಕೈಬರಹದ ಹಾಳೆ ತೆಗೆದರು. ಕೊನೆಯ ಸಾಲಿನ ಕೆಳಗೆ ಆ ಹೆಸರನ್ನು ಅಂಟಿಸಿದರು. ಸೊಟ್ಟಗಾಯಿತು, ಆಗಲಿ.

ಫಲಕದ ಅಡಿಯಲ್ಲಿ ಖಾಲಿ ಜಾಗ ಎದ್ದು ಕಾಣುತ್ತಿತ್ತು.

“ಅಲ್ಲಿ ಈಗ ನಿನ್ನ ಹೆಸರು ಹಾಕು,” ಎಂದರು ಜಯಕರರು.

ಅಜಿತನ ನಗು ನಿಂತಿತು. “ನಂದಾ? ನಾನ್ಯಾಕೆ ಅಂಕಲ್? ನಾಳೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ?”

“ಹೌದಲ್ಲ,” ಎಂದರು ಜಯಕರರು. ಹಾಳೆಯನ್ನು ಮಡಚದೆ, ಎದೆಗೆ ಅವಚಿಕೊಂಡು, ಸ್ಟೇಷನ್ನಿನ ಕಡೆಗೆ ನಡೆದರು.