ಐವತ್ತನಾಲ್ಕು ಸೆಕೆಂಡು

ನಮ್ಮ ಕಾರ್ಖಾನೆಗೂ ಸಮುದ್ರದಾಚೆಯ ಇನ್ನೊಂದಕ್ಕೂ ಕಂಪನಿ ಒಂದೇ. ಕಾರಿಗೆ ಬಾಗಿಲು ಕೂರಿಸಲು ಯಾರಿಗೆ ಹೆಚ್ಚು ಹೊತ್ತು ಹಿಡಿಯುತ್ತದೋ ಅವರ ಲೈನು ಮುಚ್ಚುತ್ತೇವೆ ಎಂದು ಎರಡೂ ಕಡೆ ಹೇಳಿದ್ದರು. ನಾವೂ ಅವರೂ ಒಳಗೊಳಗೇ ಮಾತಾಡಿಕೊಂಡೆವು: ಅಳೆಯಲು ಬಂದಾಗ ಯಾರೂ ಅರವತ್ತು ಸೆಕೆಂಡಿಗಿಂತ ಕೆಳಗಿಳಿಯಕೂಡದು. ಅವರ ಭಾಷೆಯನ್ನು ಕಾಲೇಜಿನಲ್ಲಿ ಕಲಿತಿದ್ದ ನಾನು ನಡುವೆ ದುಭಾಷಿ. ನನ್ನ ಡಿಗ್ರಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅಳೆಯುವವನು ಬಂದು ನಿಂತದ್ದು ನನ್ನ ಸೋದರಮಾವನ ಪಕ್ಕದಲ್ಲಿ. ಇಪ್ಪತ್ತಾರು ವರ್ಷ ಬಾಗಿಲು ಕೂರಿಸಿದ ಕೈ. ಮೊದಲ ಮೂರು ಬಾಗಿಲುಗಳಿಗೆ ಅರವತ್ತರ ಮೇಲೇ ಹಿಡಿಯಿತು. ಅವನು ಗಡಿಯಾರದಿಂದ ಕಣ್ಣೆತ್ತದೆ, "ವಯಸ್ಸಾಯ್ತು ಅಲ್ವಾ, ಯಜಮಾನ್ರೇ?" ಎಂದ. ಮಾವ ಮುಂದಿನ ಬಾಗಿಲು ಎತ್ತಿಕೊಂಡರು. ನಾಲ್ಕನೆಯದು ಐವತ್ತನಾಲ್ಕಕ್ಕೆ ಕೂತಿತು.

"ಏನ್ ಮಾವ ಇದು?"

"ಕೈ ಮಾತು ಕೇಳ್ಲಿಲ್ಲ ಕಣೋ."

ಭಾನುವಾರ ಮಧ್ಯಾಹ್ನ ಮಾವನ ಅಡುಗೆಮನೆಯಲ್ಲಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಆ ಕಡೆಯವರಿಗೆ ಕರೆ ಮಾಡಿದೆವು.

"ಶರ್ಟಾದ್ರೂ ಹಾಕ್ಕೊಳ್ರೀ," ಎಂದರು ಅತ್ತೆ. "ಬನಿಯನ್ನಲ್ಲಿ ಕೂತು ಕ್ಷಮೆ ಕೇಳ್ತಾರಾ ಯಾರಾದ್ರೂ?"

ಪರದೆಯಲ್ಲಿ ಅಲ್ಲಿನ ಬಾಗಿಲು ಲೈನಿನ ಹೆಂಗಸು, ಅವಳ ಹಿಂದೆ ಇಬ್ಬರು ಗಂಡಸರು. ಐವತ್ತನಾಲ್ಕು ಯಾರದ್ದು ಎಂದು ಕೇಳಿದಳು. ಹೊಸ ಯಂತ್ರ ಬಂದಿತ್ತು ಎಂಬ ಸುಳ್ಳನ್ನು ನಾನು ಬಾಯಲ್ಲಿ ಹೊಂದಿಸಿಕೊಳ್ಳುತ್ತಿದ್ದೆ. ಮಾವನಿಗೆ ಭಾಷೆ ಬಾರದಿದ್ದರೂ ಪ್ರಶ್ನೆ ಅರ್ಥವಾಗಿತ್ತು. ತರಗತಿಯಲ್ಲಿ ಸಿಕ್ಕಿಬಿದ್ದವರಂತೆ ಕೈ ಎತ್ತಿದರು.

ಬೈಗುಳಕ್ಕೆ ಕಾದೆವು. ಅವಳು ಮೆಲ್ಲಗೆ ಏನೋ ಹೇಳಿದಳು.

"ಏನಂತೆ, ಪಂಡಿತ?" ಎಂದರು ಮಾವ.

"ನಾಳೆ ಅವರನ್ನ ಅಳೀತಾರಂತೆ. ಐವತ್ತನಾಲ್ಕು ಆಗ್ದಿದ್ರೆ ಲೈನು ಮುಚ್ಚುತ್ತಂತೆ. ನೀವು ಹೇಗೆ ಮಾಡಿದ್ರಿ, ತೋರಿಸಿ ಅಂತಿದಾರೆ."

"ತೋರಿಸಿದ್ರೆ ನಮ್ಮ ಲೈನು?" ಎಂದರು ಅತ್ತೆ.

ಮಾವ ಕುರ್ಚಿ ಸರಿಸಿ ಎದ್ದರು. ಇಲ್ಲದ ಬಾಗಿಲನ್ನು ತೊಡೆಯ ಮೇಲೆ ಆನಿಸಿಕೊಂಡರು. ಬೋಲ್ಟುಗಳು ಮೊದಲೇ ಎಡಗೈಯಲ್ಲಿರಬೇಕು. ಕೆಳಗಿನ ಕೀಲು ಕೂರುವವರೆಗೆ ಮೇಲಿನದನ್ನು ಬಿಗಿಯಬಾರದು. ಆ ಕಡೆ ಮೂವರೂ ಬರಿಗಾಳಿಯಲ್ಲಿ ಹಾಗೆಯೇ ಮಾಡಿದರು.

"ಸೊಂಟಕ್ಕೆ ಭಾರ ಕೊಡ್ಬೇಡಿ ಅನ್ನು. ಬೇಗ. ಇನ್ನೂ ಬೇಗ."

ನಾನು ಹೇಳುತ್ತ ಹೋದೆ. ಆರನೆಯ ಸಲ ಅವಳು ಮುಗಿಸಿದಾಗ ಹಿಂದಿದ್ದವನು ಕೈಗಡಿಯಾರ ನೋಡಿ, ಐವತ್ತೊಂದು ಎಂದ.

"ಎಷ್ಟಂತೆ?" ಎಂದರು ಮಾವ, ಬೆವರೊರೆಸಿಕೊಳ್ಳುತ್ತ.

ನಾನು ಹೇಳಲಿಲ್ಲ.